ಮಳೆಗಾಲ ಬಂದ್ರೆ ಪ್ರಿಂಟರ್ ಜಾಮ್: ನಮ್ಮ ಮಲೆನಾಡಿಗೆ ಯಾವ ಪೇಪರ್ ತಗೋಬೇಕು?

ತುಂಗಾತೀರ, ಜೂನ್ 29

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್ ಪ್ರತಿ, ಸೊಸೈಟಿ ಸಾಲದ ಅರ್ಜಿ, ಮಕ್ಕಳ ಪ್ರಾಜೆಕ್ಟ್, ಇದೇ ದಿನದ ಕೆಲಸ. ಒಂದು ಲೇಸರ್ ಪ್ರಿಂಟರ್, ಒಂದು ಇಂಕ್ ಟ್ಯಾಂಕ್ ಪ್ರಿಂಟರ್ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಎರಡೂ ಚೆನ್ನಾಗಿ ಓಡುತ್ತವೆ. ಆರಿದ್ರಾ ಮಳೆ ಹಿಡಿಯಿತು ಅಂದ್ರೆ ಶುರು. ಎರಡೆರಡು ಹಾಳೆ ಒಟ್ಟಿಗೆ ಒಳಗೆ ಹೋಗುತ್ತವೆ. ಇಲ್ಲಾ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ. ಹೊರಗೆ ಬಂದ ಹಾಳೆ ಚಾಪೆ ಸುತ್ತಿದ ಹಾಗೆ ಸುರುಳಿ. ಕೆಲವು ಕಡೆ ಅಕ್ಷರ ಮಾಸಲು. ಬೆರಳಲ್ಲಿ ಉಜ್ಜಿದರೆ ಪುಡಿಯಾಗಿ ಎದ್ದು ಬರುತ್ತದೆ.

ಮೊನ್ನೆ ಒಬ್ಬರು ಅಜ್ಜ ಬೆಳೆ ಸಾಲಕ್ಕೆ ಪಹಣಿ ಬೇಕು ಅಂತ ಬಂದಿದ್ದರು. ಮೂರು ಸಲ ಜಾಮ್ ಆಯಿತು. ಅಷ್ಟರಲ್ಲಿ ಅವರ ಬಸ್ ಹೋಗಿಬಿಟ್ಟಿತು. ಆ ಮಳೆಯಲ್ಲಿ ಅವರು ಇನ್ನೊಂದು ಬಸ್ಸಿಗೆ ಎರಡು ಗಂಟೆ ಕಾದರು. ನನಗೆ ತುಂಬಾ ಬೇಜಾರಾಯಿತು.

ಎರಡು ವರ್ಷದಲ್ಲಿ ಎರಡು ಸಲ ರೋಲರ್ ಬದಲಿಸಿದ್ದೇನೆ. ಏನೂ ಫರಕಾಗಿಲ್ಲ. ಪೇಪರ್ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಯಾವುದು? 70, 75, 80 ಅಂತ ಪ್ಯಾಕೆಟ್ ಮೇಲೆ ಇರುತ್ತದೆ, ಯಾವುದನ್ನು ತಗೊಳ್ಳಲಿ? ಗೊತ್ತಿದ್ದವರು ಬಿಡಿಸಿ ಹೇಳಿ.


ಹೊಸನಗರ ಹುಡುಗ, ಜೂನ್ 29

ಅಕ್ಕ, 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ತಗೊಳ್ಳಿ. ದಪ್ಪ ಇದ್ದಷ್ಟೂ ಒಳ್ಳೇದು. ಜಾಮ್ ಆಗಲ್ಲ.


ಗಾಂಧಿಬಜಾರ್ ರಿಪೇರಿ, ಜೂನ್ 29

ಅಕ್ಕ, ಪೇಪರ್ ಬದಲಿಸುವ ಮೊದಲು ಮೂರು ವಿಷಯ ಹೇಳಿ. ಪೇಪರ್ ಯಾವಾಗ ತಂದಿದ್ದು? ಎಲ್ಲಿ ಇಟ್ಟಿದ್ದೀರಿ? ರಾತ್ರಿ ಅಂಗಡಿ ಮುಚ್ಚುವಾಗ ಟ್ರೇಯಲ್ಲಿ ಉಳಿದ ಹಾಳೆ ಏನು ಮಾಡುತ್ತೀರಿ?


ತುಂಗಾತೀರ, ಜೂನ್ 29

ಮೇ ತಿಂಗಳಲ್ಲಿ ಶಿವಮೊಗ್ಗಕ್ಕೆ ಹೋದಾಗ ಹತ್ತು ರೀಮ್ (500 ಹಾಳೆಯ ಕಟ್ಟು) ಒಟ್ಟಿಗೆ ತಂದೆ. ಸ್ವಲ್ಪ ಕಡಿಮೆಗೆ ಸಿಕ್ಕಿತು. ಮೇಜಿನ ಕೆಳಗೆ ನೆಲದ ಮೇಲೆ ಇಟ್ಟಿದ್ದೇನೆ, ಗೋಡೆ ಪಕ್ಕ. ಟ್ರೇಯಲ್ಲಿರುವುದು ಟ್ರೇಯಲ್ಲೇ ಇರುತ್ತದೆ, ತೆಗೆಯುವುದಿಲ್ಲ. ಅದರಿಂದ ತೊಂದರೆ ಆಗುತ್ತಾ?


ಗಾಂಧಿಬಜಾರ್ ರಿಪೇರಿ, ಜೂನ್ 30

ಅಲ್ಲೇ ಇರೋದು ತೊಂದರೆ. ನಿಮ್ಮ ಪೇಪರ್ ಥಂಡಿ ಹಿಡಿದಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಕಡೆಯಿಂದ ನನ್ನ ಹತ್ತಿರ ಬರುವ ಪ್ರಿಂಟರ್‌ಗಳಲ್ಲಿ ಎಷ್ಟೋ ಮಷಿನ್ ಹಾಳಾಗಿರುವುದೇ ಇಲ್ಲ. ಇಲ್ಲಿ ನನ್ನ ಒಣ ಪೇಪರ್ ಹಾಕಿದರೆ ಸರಿಯಾಗಿ ಓಡುತ್ತವೆ. ವಾಪಸ್ ತಗೊಂಡು ಹೋದ ಮೇಲೆ ಮತ್ತೆ ಅದೇ ಕಥೆ. ರಿಪೇರಿ ಸರಿ ಮಾಡಿಲ್ಲ ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೇ ಇದನ್ನು ಪೂರ್ತಿ ಬರೆಯುತ್ತೇನೆ.

ಲೇಸರ್ ಪ್ರಿಂಟರ್ ಒಳಗೆ ಟೋನರ್, ಅಂದ್ರೆ ಮಸಿಯ ಪುಡಿ, ಅಂಟಿಸುವ ಭಾಗಕ್ಕೆ ಫ್ಯೂಸರ್ ಅಂತಾರೆ. ಅದರ ಬಿಸಿ ಸುಮಾರು 200 ಡಿಗ್ರಿ. ತೇವ ಇರುವ ಹಾಳೆ ಅದರ ಮಧ್ಯೆ ಹೋದರೆ ಒಳಗಿನ ನೀರು ಒಂದೇ ಸಲ ಆವಿಯಾಗುತ್ತದೆ. ಎರಡು ಮುಖವೂ ಒಂದೇ ಸಮ ಒಣಗುವುದಿಲ್ಲ. ಅದಕ್ಕೇ ಸುರುಳಿ ಸುತ್ತುತ್ತದೆ. ಹೊರಗೆ ಬರುವಾಗ ಹಾಳೆಯ ಮೇಲೆ ಹಬೆ ಕಾಣುತ್ತಾ, ನೋಡಿ. ಕಂಡರೆ ಬೇರೆ ಪರೀಕ್ಷೆಯೇ ಬೇಡ.

ಅಕ್ಷರ ಮಾಸಲಾಗುವುದಕ್ಕೂ ಅದೇ ಕಾರಣ. ಟೋನರ್ ಪುಡಿಯನ್ನು ಹಾಳೆಗೆ ಎಳೆಯುವುದು ಕರೆಂಟಿನ ಚಾರ್ಜ್. ಒಣ ಹಾಳೆಯಲ್ಲಿ ಅದು ನಿಲ್ಲುತ್ತದೆ, ಒದ್ದೆ ಹಾಳೆಯಲ್ಲಿ ಸೋರಿ ಹೋಗುತ್ತದೆ. ಅಲ್ಲಲ್ಲಿ ಪುಡಿ ಕೂರುವುದೇ ಇಲ್ಲ. ಕೂತ ಪುಡಿಯೂ ಸರಿಯಾಗಿ ಕರಗುವುದಿಲ್ಲ, ಫ್ಯೂಸರ್‌ನ ಬಿಸಿಯೆಲ್ಲ ನೀರು ಕಾಯಿಸುವುದಕ್ಕೇ ಹೋಗಿರುತ್ತದೆ. ಜನ ಟೋನರ್ ಮುಗಿಯಿತು ಅಂದುಕೊಂಡು ಹೊಸ ಕಾರ್ಟ್ರಿಡ್ಜ್ ಹಾಕಿಸುತ್ತಾರೆ. ಸುಮ್ನೆ ದುಡ್ಡು ದಂಡ.

ಎರಡು ಹಾಳೆ ಒಟ್ಟಿಗೆ ಹೋಗುವುದು ಅಂದ್ರೆ, ಥಂಡಿ ಹಿಡಿದ ಹಾಳೆ ಮೆತ್ತಗಾಗಿ ಒಂದಕ್ಕೊಂದು ಅಂಟಿರುತ್ತದೆ. ಡಬ್ಬಿ ಮುಚ್ಚಳ ತೆಗೆದಿಟ್ಟ ಹಪ್ಪಳದ ಹಾಗೆ. ಗಟ್ಟಿತನ ಇಲ್ಲದ ಹಾಳೆಯನ್ನು ರೋಲರ್ ಹೇಗೆ ತಳ್ಳಬೇಕು?

ದಪ್ಪ ಇದ್ದಷ್ಟೂ ಒಳ್ಳೇದು ಅಂದ ತಮ್ಮನಿಗೆ ಒಂದು ಮಾತು. 80 ಜಿಎಸ್‌ಎಂ ಒಳ್ಳೇ ಪೇಪರ್, ಇಲ್ಲ ಅನ್ನಲ್ಲ. ಆದರೆ ನೆಲದ ಮೇಲೆ ಇಟ್ಟರೆ ಅದೂ ಹೀಗೇ ಆಗುತ್ತದೆ.


ಪೇಪರ್‌ಟೌನ್ ನಿವೃತ್ತ, ಜೂನ್ 30

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು ನಾನು. 1936ರಲ್ಲಿ ಶುರುವಾದ ಕಾರ್ಖಾನೆ ಅದು. 2015ರಲ್ಲಿ ಉತ್ಪಾದನೆ ನಿಂತಿತು. ಈಗಲೂ ಹೊಸ ರೀಮ್ ಬಿಚ್ಚಿದಾಗ ಮೊದಲು ಮೂಸಿ ನೋಡುತ್ತೇನೆ, ಆ ಅಭ್ಯಾಸ ಹೋಗಿಲ್ಲ. ಗಾಂಧಿಬಜಾರಿನವರು ಮಷಿನ್ ಕಡೆಯಿಂದ ಹೇಳಿದ್ದಾರೆ. ನಾನು ಪೇಪರ್ ಕಡೆಯಿಂದ ಹೇಳುತ್ತೇನೆ.

ಪೂರ್ತಿ ಒಣಗಿದ ಪೇಪರ್ ಅಂತ ಇರುವುದಿಲ್ಲ. ಮಿಲ್ಲಿನಿಂದ ಹೊರಗೆ ಬರುವಾಗಲೇ ಅದರಲ್ಲಿ 5% ಆಸುಪಾಸು ನೀರು ಇರುತ್ತದೆ. ಇರಲೇಬೇಕು, ಇಲ್ಲದಿದ್ದರೆ ಹಾಳೆ ಗರಿಗರಿಯಾಗಿ ಮುರಿಯುತ್ತದೆ. 75 ಜಿಎಸ್‌ಎಂ ರೀಮ್ ಒಂದರಲ್ಲಿ ಹತ್ತಿರ ಹತ್ತಿರ 115 ಗ್ರಾಂ ನೀರು ಇದೆ ಅಂತ ಆಯಿತು. ಅದನ್ನು ಅಷ್ಟೇ ಇರುವ ಹಾಗೆ ಕಾಯುವುದು ಆ ಹೊದಿಕೆ ಕಾಗದದ ಕೆಲಸ. ಒಳ್ಳೇ ಕಂಪನಿಯ ಹೊದಿಕೆಯ ಒಳಮೈ ಮುಟ್ಟಿ ನೋಡಿ, ನುಣುಪಾಗಿ ಪ್ಲಾಸ್ಟಿಕ್ ಲೇಪ ಇರುತ್ತದೆ. ಜನ ಅದನ್ನು ಹರಿದು ಎಸೆಯುತ್ತಾರೆ, ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ಹಾಳೆಗೆ ಅದು ಕಂಬಳಿ ಇದ್ದ ಹಾಗೆ. ಒಂದು ತುದಿ ಮಾತ್ರ ಬಿಚ್ಚಿ, ಬೇಕಾದಷ್ಟು ತೆಗೆದು, ಮತ್ತೆ ಮಡಚಿ ಟೇಪ್ ಹಾಕಿ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬಿಚ್ಚಿಟ್ಟ ಹಾಳೆ ಆ ಗಾಳಿಯಲ್ಲಿ ಒಂದು ರಾತ್ರಿ ಇದ್ದರೆ ಸಾಕು, ಅಂಚಿನಿಂದ ನೀರು ಕುಡಿಯಲು ಶುರು ಮಾಡುತ್ತದೆ. ಅಂಚು ಹಿಗ್ಗುತ್ತದೆ, ನಡು ಹಾಗೇ ಇರುತ್ತದೆ. ಕಟ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಅಂಚು ಅಲೆ ಅಲೆಯಾಗಿ ಕಾಣುತ್ತದೆ. ಅಂಥ ಕಟ್ಟನ್ನು ಪ್ರಿಂಟರಿಗೆ ಹಾಕಬೇಡಿ.

ಇನ್ನು ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ, ಅಷ್ಟೇ. ಒಂದು ಚದರ ಮೀಟರಿಗೆ ಎ4 ಹಾಳೆ ಹದಿನಾರು. ಹಾಗಾಗಿ ಮನೆಯ ತಕ್ಕಡಿಯಲ್ಲೇ ಪರೀಕ್ಷೆ ಮಾಡಬಹುದು. 500 ಹಾಳೆಯ ಎ4 ರೀಮ್ 70 ಜಿಎಸ್‌ಎಂ ಆದರೆ 2.18 ಕೆಜಿ, 75 ಆದರೆ 2.34 ಕೆಜಿ, 80 ಆದರೆ 2.5 ಕೆಜಿ. ಹೊದಿಕೆಯ ತೂಕ ಸ್ವಲ್ಪ ಸೇರುತ್ತದೆ. ಪ್ಯಾಕೆಟ್ ಮೇಲೆ 75 ಅಂತ ಇದ್ದು ತೂಕ ಎರಡು ಕೆಜಿ ಬಂದರೆ, ಒಂದೋ ಪೇಪರ್ ತೆಳು, ಇಲ್ಲಾ ಹಾಳೆ ಕಡಿಮೆ. ಆದರೆ ಬಿಚ್ಚಿದ ರೀಮ್ ತೂಗಬೇಡಿ. ಥಂಡಿ ಹಿಡಿದ 70ರ ಕಟ್ಟು ನೀರಿನ ಭಾರಕ್ಕೆ 75ರ ಹತ್ತಿರ ಬಂದುಬಿಡುತ್ತದೆ.

ನನ್ನ ಸಲಹೆ 75. ಗಟ್ಟಿತನ ಸಾಕಷ್ಟು ಇರುತ್ತದೆ, ಬೆಲೆಯೂ ಕೈಗೆ ಎಟಕುತ್ತದೆ. ಎರಡೂ ಕಡೆ ಮುದ್ರಿಸುವ ಕೆಲಸ ಇದ್ದರೆ, ಹಿಂದಿನದು ಕಾಣಬಾರದು ಅಂತ ಇದ್ದರೆ 80. ನಮ್ಮ ಮಳೆಗಾಲದಲ್ಲಿ 70ಕ್ಕಿಂತ ಕೆಳಗೆ ಹೋಗಬೇಡಿ.

ಇನ್ನೊಂದು ಮಾತು. ಹೊದಿಕೆಯ ಬದಿಯಲ್ಲಿ ಬಾಣದ ಗುರುತು ಇದ್ದರೆ ಗಮನಿಸಿ. ಯಾವ ಮುಖಕ್ಕೆ ಮೊದಲು ಮುದ್ರಿಸಬೇಕು ಅನ್ನುವುದನ್ನು ಅದು ತೋರಿಸುತ್ತದೆ. ಹಾಳೆಯ ಎರಡು ಮುಖಗಳ ನಡುವೆ ಸಣ್ಣ ವ್ಯತ್ಯಾಸ ಇರುತ್ತದೆ. ಸುರುಳಿ ಜಾಸ್ತಿ ಆದಾಗ ಟ್ರೇಯಲ್ಲಿನ ಕಟ್ಟನ್ನು ಬೋರಲು ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.


ಸಾಗರದ ಮೇಷ್ಟ್ರು, ಜುಲೈ 1

ತುಂಬಾ ಉಪಯೋಗದ ಚರ್ಚೆ. ನಮ್ಮ ಶಾಲೆಯಲ್ಲಿ ಪೇಪರ್ ಉಳಿಸಬೇಕು ಅಂತ ಒಂದು ಕಡೆ ಬಳಸಿದ ಹಾಳೆಯ ಹಿಂಬದಿಗೆ ಪ್ರಶ್ನೆಪತ್ರಿಕೆ ತೆಗೆಯುತ್ತೇವೆ. ಅದು ಜಾಸ್ತಿ ಜಾಮ್ ಆಗುತ್ತದೆ. ಕಾಡು ನೋಡಿಕೊಂಡು ಬೆಳೆದವರು ನಾವು, ಹಾಳೆ ಎಸೆಯಲು ಮನಸ್ಸು ಬರಲ್ಲ. ಏನು ಮಾಡಬಹುದು?


ಗಾಂಧಿಬಜಾರ್ ರಿಪೇರಿ, ಜುಲೈ 1

ಮೇಷ್ಟ್ರೇ, ನಿಮ್ಮ ಮನಸ್ಸು ಅರ್ಥ ಆಗುತ್ತದೆ. ಆದರೆ ಒಮ್ಮೆ ಫ್ಯೂಸರ್ ದಾಟಿದ ಹಾಳೆ ಒಣಗಿ ಸೊಟ್ಟಗಾಗಿರುತ್ತದೆ, ಆಮೇಲೆ ಮತ್ತೆ ತೇವ ಕುಡಿದಿರುತ್ತದೆ. ಮೂಲೆ ಮಡಚಿರುತ್ತದೆ. ಎಲ್ಲೋ ಒಂದು ಸ್ಟೇಪ್ಲರ್ ಪಿನ್ ಉಳಿದಿರುತ್ತದೆ. ಆ ಪಿನ್ ಫ್ಯೂಸರ್‌ನ ಮೇಲಿನ ಪದರ ಗೀರಿದರೆ ಸಾವಿರಾರು ರೂಪಾಯಿ ಖರ್ಚು. ಕಳೆದ ವರ್ಷ ಒಂದು ಕಚೇರಿಯ ಮಷಿನ್ ಹೀಗೇ ಬಂತು. ಪ್ರತಿ ಹಾಳೆಯಲ್ಲೂ ಒಂದೇ ಜಾಗದಲ್ಲಿ ಕಪ್ಪು ಗೆರೆ. ಬಿಚ್ಚಿದರೆ ಪಿನ್ ಇನ್ನೂ ಒಳಗೇ ಇತ್ತು.

ಉಳಿಸಬೇಕು ಅಂದ್ರೆ ಮೊದಲೇ ಎರಡೂ ಕಡೆ ಮುದ್ರಿಸಿ. ಒಂದು ಕಡೆ ಬಳಸಿದ್ದನ್ನು ಮಕ್ಕಳಿಗೆ ಲೆಕ್ಕ ಮಾಡಲು ಕೊಡಿ, ಪುಸ್ತಕದ ಹಾಗೆ ಹೊಲಿದು ಕೊಟ್ಟರೆ ಖುಷಿಯಿಂದ ಬರೆಯುತ್ತಾರೆ. ಹಾಕಲೇಬೇಕು ಅಂತಿದ್ದರೆ ಹೊಸ ಹಾಳೆಯ ಜೊತೆ ಬೆರೆಸಬೇಡಿ. ಪಿನ್ ಇಲ್ಲ ಅಂತ ಒಂದೊಂದಾಗಿ ನೋಡಿ, ನೇರ ಇರುವುದನ್ನು ಮಾತ್ರ ಆರಿಸಿ ಹಾಕಿ.


ಶೃಂಗೇರಿ ಶಾರದೆ, ಜುಲೈ 1

ನಮ್ಮಲ್ಲಿ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ. ಬಿಸಿ ಇಲ್ಲ, ಹಾಗಾಗಿ ಹಾಳೆ ಸುರುಳಿ ಆಗಲ್ಲ. ಆದರೆ ಕನ್ನಡ ಅಕ್ಷರದ ಒತ್ತಕ್ಷರಗಳೆಲ್ಲ ಹರಡಿಕೊಂಡು ಮುದ್ದೆಯಾಗುತ್ತವೆ. ‘ಕ್ಷ್ಮ’ ಬಂದರೆ ಮುಗೀತು, ಮಸಿಯ ಬೊಟ್ಟು. ಇದಕ್ಕೂ ಥಂಡಿಯೇ ಕಾರಣವಾ?


ಪೇಪರ್‌ಟೌನ್ ನಿವೃತ್ತ, ಜುಲೈ 1

ಥಂಡಿಯೂ ಹೌದು ತಾಯಿ, ಪೇಪರೂ ಹೌದು. ಕಾಗದ ಮಾಡುವಾಗ ಮಸಿ ತಕ್ಷಣ ಇಂಗಬಾರದು ಅಂತ ಗಂಜಿ ಹಾಕುತ್ತೇವೆ, ಬಟ್ಟೆಗೆ ಹಾಕಿದ ಹಾಗೆ. ಅದಕ್ಕೆ ಸೈಜಿಂಗ್ ಅನ್ನುತ್ತೇವೆ. ಗಂಜಿ ಕಡಿಮೆ ಇರುವ ಅಗ್ಗದ ಕಾಗದದಲ್ಲಿ ಮಸಿ ನಾರಿನ ಗುಂಟ ಓಡುತ್ತದೆ. ತೇವ ಇದ್ದರೆ ಇನ್ನೂ ಜಾಸ್ತಿ. ನಮ್ಮ ಲಿಪಿಯಲ್ಲಿ ಸಣ್ಣ ಸಣ್ಣ ಸುತ್ತುಗಳು ತುಂಬಾ. ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು, ನಮ್ಮ ಒತ್ತಕ್ಷರ ಓದಲಾಗಲ್ಲ. ಕನ್ನಡ ಮುದ್ರಿಸುವವರು ಇದನ್ನು ನೋಡಿಯೇ ಪೇಪರ್ ಆರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪರೀಕ್ಷೆ ಸುಲಭ. ಇಂಕ್ ಪೆನ್ನಿನಲ್ಲಿ ಆ ಹಾಳೆಯ ಮೇಲೆ ನಿಮ್ಮ ಹೆಸರು ಬರೆಯಿರಿ. ಗೆರೆಯ ಅಂಚಿನಲ್ಲಿ ಕೂದಲು ಎದ್ದ ಹಾಗೆ ಮಸಿ ಹರಡಿದರೆ ಆ ಪೇಪರ್ ನಿಮ್ಮ ಪ್ರಿಂಟರಿಗೆ ಬೇಡ. ರೀಮ್ ಮೇಲೆ ಇಂಕ್‌ಜೆಟ್, ಲೇಸರ್, ಕಾಪಿಯರ್ ಮೂರಕ್ಕೂ ಆಗುತ್ತದೆ ಅಂತ ಬರೆದಿದೆಯಾ ನೋಡಿ.


ಹೊಸನಗರ ಹುಡುಗ, ಜುಲೈ 2

ದೊಡ್ಡವರೇ, ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಎಲ್ಲ ಒಣಗುವುದು ಒಲೆ ಮೇಲಿನ ಅಟ್ಟದಲ್ಲಿ. ಪೇಪರ್ ಕಟ್ಟನ್ನೂ ಅಲ್ಲೇ ಇಟ್ಟರೆ?


ಪೇಪರ್‌ಟೌನ್ ನಿವೃತ್ತ, ಜುಲೈ 2

ಬೇಡ ತಮ್ಮ. ಹೊಗೆಗೆ ಹಾಳೆ ಹಳದಿಯಾಗುತ್ತದೆ, ಮಸಿ ಪುಡಿ ಕೂರುತ್ತದೆ, ಆ ಪುಡಿ ಪ್ರಿಂಟರ್ ಒಳಗೆ ಹೋಗುತ್ತದೆ. ಬೆಂಕಿ ಹತ್ತಿರ ಕಾಗದ ಇಡುವ ಅಪಾಯ ಬೇರೆ. ಮೇಲಾಗಿ ಅಟ್ಟದಲ್ಲಿ ಅಂಚು ಮಾತ್ರ ಅತಿಯಾಗಿ ಒಣಗಿ ಕುಗ್ಗುತ್ತದೆ, ನಡು ಉಬ್ಬುತ್ತದೆ. ಒಮ್ಮೆ ಅಲೆಯಾದ ಹಾಳೆ ಒಣಗಿಸಿದರೂ ಪೂರ್ತಿ ನೇರ ಆಗಲ್ಲ. ಥಂಡಿ ಹಿಡಿಯದ ಹಾಗೆ ನೋಡಿಕೊಳ್ಳುವುದೇ ದಾರಿ.

ಅಕ್ಕಿ ತುಂಬಿಡುವ ಪ್ಲಾಸ್ಟಿಕ್ ಡಬ್ಬ ಇದೆಯಲ್ಲ, ಗಟ್ಟಿ ಮುಚ್ಚಳದ್ದು? ಅದರಲ್ಲಿ ರೀಮ್ ಅಡ್ಡ ಮಲಗಿಸಿ ಇಡಿ. ನಿಲ್ಲಿಸಿದರೆ ಬಾಗುತ್ತದೆ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ. ಬಣ್ಣ ಬದಲಾಗುವ ಹರಳು ಸಿಗುತ್ತದೆ, ತೇವ ಕುಡಿದದ್ದು ನೋಡಿದರೇ ಗೊತ್ತಾಗುತ್ತದೆ. ಮತ್ತೆ ಒಣಗಿಸಲು ಆ ಹರಳನ್ನು ಮಾತ್ರ ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಅದಕ್ಕೆ ಬೇರೆ ಪಾತ್ರೆ ಇಟ್ಟುಕೊಳ್ಳಿ.


ಕೋರ್ಟ್ ಪಕ್ಕದ ಟೈಪಿಸ್ಟ್, ಜುಲೈ 3

ನಾನು ಶಿಕಾರಿಪುರ. ನಮ್ಮಲ್ಲಿ ಅಷ್ಟು ಮಳೆ ಇಲ್ಲ, ಆದರೂ ಜಾಮ್ ಅಂತ ತಿಂಗಳುಗಟ್ಟಲೆ ಒದ್ದಾಡಿದೆ. ಕೊನೆಗೆ ಗೊತ್ತಾಗಿದ್ದು ಅಳತೆ ತಪ್ಪು ಅಂತ. ನಾವು ಅಂಗಡಿಯಲ್ಲಿ ಲೀಗಲ್ ಅಂತ ಕೇಳಿ ತರುವ ಪೇಪರ್ ಬಹಳ ಸಲ ಎಫ್‌ಎಸ್ (ಫುಲ್‌ಸ್ಕೇಪ್) ಆಗಿರುತ್ತದೆ, ಉದ್ದ 34.5 ಸೆಂಟಿಮೀಟರ್. ಕಂಪ್ಯೂಟರಿನಲ್ಲಿ ಲೀಗಲ್ ಅಂತ ಆರಿಸಿದರೆ ಪ್ರಿಂಟರ್ 35.6 ಸೆಂಟಿಮೀಟರ್ ಹಾಳೆ ಬರುತ್ತದೆ ಅಂತ ಕಾಯುತ್ತದೆ. ಒಂದು ಸೆಂಟಿಮೀಟರ್ ಕಡಿಮೆ ಬಂದ ತಕ್ಷಣ ಜಾಮ್ ಅಂತ ದೀಪ ಹೊತ್ತಿಕೊಳ್ಳುತ್ತದೆ, ಇಲ್ಲಾ ಕೊನೆಯ ಸಾಲು ಹಾಳೆಯಿಂದ ಆಚೆ ಹೋಗುತ್ತದೆ. ಅರ್ಜಿಯ ಕೊನೆಯ ಸಾಲಿನಲ್ಲೇ ಸಹಿ ಇರುವುದು, ಅಲ್ವಾ? ಸ್ಕೇಲ್ ಹಿಡಿದು ಅಳೆದು, ಕಸ್ಟಮ್ ಸೈಜ್‌ನಲ್ಲಿ ಅದೇ ಅಳತೆ ಹಾಕಿ. ನನಗೆ ಆಮೇಲೆ ಒಂದು ದಿನವೂ ತೊಂದರೆ ಆಗಿಲ್ಲ.


ಕೊಪ್ಪದ ಕಾರ್ಡ್, ಜುಲೈ 3

ನಾನು ಗೃಹಪ್ರವೇಶ, ನಾಮಕರಣದ ಕಾರ್ಡುಗಳನ್ನು ಮನೆಯಲ್ಲೇ ಮಾಡಿಕೊಡುತ್ತೇನೆ. ಹೊಸಬರಿಗೆ ಒಂದು ಎಚ್ಚರಿಕೆ. ಇಂಕ್‌ಜೆಟ್‌ಗೆ ಅಂತ ಮಾಡಿದ ಹೊಳಪಿನ ಫೋಟೋ ಪೇಪರನ್ನು ನಾನು ಒಮ್ಮೆ ಲೇಸರ್ ಪ್ರಿಂಟರಿಗೆ ಹಾಕಿಬಿಟ್ಟೆ. ಆ ಹೊಳಪಿನ ಲೇಪ ಫ್ಯೂಸರ್ ಬಿಸಿಗೆ ಕರಗಿ ರೋಲರಿಗೆ ಸುತ್ತಿಕೊಂಡಿತು. ಫ್ಯೂಸರ್ ಪೂರ್ತಿ ಬದಲಿಸಬೇಕಾಯಿತು. ನಾಳೆ ಹಂಚಬೇಕಿದ್ದ ನಾಮಕರಣದ ಕಾರ್ಡು, ರಾತ್ರಿ ಹತ್ತು ಗಂಟೆಗೆ ಅತ್ತುಬಿಟ್ಟೆ. ದಯವಿಟ್ಟು ಪ್ಯಾಕೆಟ್ ಮೇಲೆ ಲೇಸರ್ ಅಂತ ಬರೆದಿರದಿದ್ದರೆ ಹಾಕಬೇಡಿ. ಸ್ಟಿಕ್ಕರ್ ಹಾಳೆಯೂ ಅಷ್ಟೇ. ಒಂದೆರಡು ಸ್ಟಿಕ್ಕರ್ ಕಿತ್ತ ಹಾಳೆಯನ್ನು ಮತ್ತೆ ಹಾಕಲೇಬಾರದು, ಅಂಟು ಒಳಗೆ ಹತ್ತುತ್ತದೆ.


ಗಾಂಧಿಬಜಾರ್ ರಿಪೇರಿ, ಜುಲೈ 3

ಇದನ್ನು ಹಂಚಿಕೊಂಡಿದ್ದಕ್ಕೆ ಧನ್ಯವಾದ ತಂಗಿ. ಕಾರ್ಡಿನ ಬಗ್ಗೆ ಇಷ್ಟು ಸೇರಿಸುತ್ತೇನೆ. ಸಣ್ಣ ಲೇಸರ್ ಪ್ರಿಂಟರ್‌ಗಳು ಹೆಚ್ಚಾಗಿ 60ರಿಂದ 163 ಜಿಎಸ್‌ಎಂ ವರೆಗೆ ಮಾತ್ರ ತಗೊಳ್ಳುತ್ತವೆ. ನಿಮ್ಮ ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಮದುವೆ ಕಾರ್ಡಿನ 250, 300 ಜಿಎಸ್‌ಎಂ ಅದರಲ್ಲಿ ಆಗಲ್ಲ, ಪ್ರೆಸ್ಸಿಗೇ ಕೊಡಿ. ದಪ್ಪ ಹಾಳೆ ಹಾಕುವಾಗ ಪೇಪರ್ ಟೈಪ್‌ನಲ್ಲಿ ದಪ್ಪ ಅಂತ ಆರಿಸಿ. ಆಗ ಮಷಿನ್ ನಿಧಾನ ಓಡಿ, ಟೋನರ್ ಸರಿಯಾಗಿ ಕರಗುತ್ತದೆ. ಹಿಂದಿನ ಬಾಗಿಲು ತೆಗೆದು ನೇರವಾಗಿ ಹೊರಗೆ ಬಿಡುವ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ.


ತುಂಗಾತೀರ, ಜುಲೈ 16

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಪುನರ್ವಸು ಮಳೆ ಜೋರಾಗಿದೆ, ನಾಲ್ಕು ದಿನದಿಂದ ಬಿಸಿಲು ಕಂಡಿಲ್ಲ.

ಹಳೆಯ ಸ್ಟಾಕಿನಲ್ಲಿ ಆರು ರೀಮ್ ಉಳಿದಿತ್ತು. ಅದು ಗೋಡೆ ಪಕ್ಕ ಇದ್ದದ್ದು. ಒಂದನ್ನು ಬಿಚ್ಚಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಪೇಪರ್‌ಟೌನ್ ರಾಯರು ಹೇಳಿದ ಹಾಗೇ ಅಲೆ. ಹೊದಿಕೆಯ ಒಳಗೆ ಲೇಪ ಇಲ್ಲ, ಬರೀ ತೆಳು ಕಾಗದ. ತೂಗಿ ನೋಡಲು ಮನಸ್ಸಾಗಲಿಲ್ಲ. ಅದನ್ನೆಲ್ಲ ಹತ್ತಿರದ ಮಕ್ಕಳಿಗೆ ಬರೆಯಲು ಕೊಟ್ಟೆ.

ಈಗ 75 ಜಿಎಸ್‌ಎಂ ರೀಮ್ ವಾರಕ್ಕೆ ಎರಡೇ ತರುತ್ತೇನೆ. ಮಲೆನಾಡಿನ ಪಕ್ಕದ ದಾಂಡೇಲಿಯಲ್ಲೂ ಕಾಗದ ಆಗುತ್ತದಲ್ಲ, ಆ ಮಿಲ್ಲಿನದೇ ತಂದೆ. ಅಂಗಡಿಯವರ ಗೋದಾಮಿನಿಂದ ಬೇಡ, ಒಳಗಿನ ಕಪಾಟಿನಿಂದ ಕೊಡಿ ಅಂತ ಕೇಳಿ ತಗೊಂಡೆ. ಡಬ್ಬಕ್ಕೆ ಹಾಕಿ ಹಲಗೆ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ಐವತ್ತು ಹಾಳೆ ತೆಗೆದು, ಅಂಚು ಹಿಡಿದು ಬೀಸಿ, ಮೇಜಿಗೆ ಕುಟ್ಟಿ ನೇರ ಮಾಡಿ ಟ್ರೇಗೆ ಹಾಕುತ್ತೇನೆ. ಮುಗಿದ ಮೇಲೆ ಮತ್ತೆ ಐವತ್ತು. ರಾತ್ರಿ ಉಳಿದದ್ದು ವಾಪಸ್ ಹೊದಿಕೆಯೊಳಗೆ.

ಹದಿಮೂರು ದಿನದಲ್ಲಿ ಎರಡೇ ಸಲ ಜಾಮ್. ಎರಡೂ ಸಲ ಕರೆಂಟ್ ಹೋದಾಗ ಆಗಿದ್ದು. ಆ ಅಜ್ಜ ಮತ್ತೆ ಬಂದಿದ್ದರು, ಬೆಳೆ ವಿಮೆಗೆ. ಐದು ನಿಮಿಷದಲ್ಲಿ ಕೆಲಸ ಮುಗಿಸಿ ಬಸ್ ಹತ್ತಿಸಿದೆ.

ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಹಾಳೆಯನ್ನು ಹೇಗೆ ತೆಗೆಯಬೇಕು? ನಾನು ಎಳೆದಾಗ ಹರಿದುಹೋಯಿತು.


ಗಾಂಧಿಬಜಾರ್ ರಿಪೇರಿ, ಜುಲೈ 16

ಅಕ್ಕ, ಓದಿ ತುಂಬಾ ಖುಷಿಯಾಯಿತು.

ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ, ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ಫ್ಯೂಸರ್ ಆರಲಿ, ಅರ್ಧ ಗಂಟೆ ಬಿಡಿ. ಟೋನರ್ ಕಾರ್ಟ್ರಿಡ್ಜ್ ಹೊರಗೆ ತೆಗೆದು ಬಟ್ಟೆ ಮುಚ್ಚಿಡಿ, ಬೆಳಕು ಬೀಳಬಾರದು. ಆಮೇಲೆ ಹಾಳೆ ಹೋಗುತ್ತಿದ್ದ ದಿಕ್ಕಿಗೇ, ಎರಡೂ ಕೈಯಲ್ಲಿ ಎರಡು ಅಂಚು ಹಿಡಿದು, ಸಮವಾಗಿ ಎಳೆಯಿರಿ. ಹಿಂದಕ್ಕೆ ಎಳೆದರೆ ಹರಿಯುತ್ತದೆ. ಹರಿದರೆ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿ, ಹಾಳೆ ಪೂರ್ತಿ ಆಗಬೇಕು. ಉಗುರಿನಷ್ಟು ಚೂರು ಒಳಗೆ ಉಳಿದರೂ ಮುಂದಿನ ಹಾಳೆ ಅಲ್ಲೇ ನಿಲ್ಲುತ್ತದೆ.

ಟ್ರೇಯಿಂದ ಹಾಳೆ ಎಳೆದುಕೊಳ್ಳುವ ಪಿಕಪ್ ರೋಲರನ್ನು ತಿಂಗಳಿಗೊಮ್ಮೆ ನೀರಿನಲ್ಲಿ ಅದ್ದಿ ಹಿಂಡಿದ, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ. ಕಾಗದದ ಧೂಳು ಕೂತು ನುಣುಪಾಗಿರುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿ.


ಶೃಂಗೇರಿ ಶಾರದೆ, ಜುಲೈ 17

ಪೆನ್ನಿನ ಪರೀಕ್ಷೆ ಮಾಡಿ ಮೂರು ಬಗೆಯ ಪೇಪರ್ ನೋಡಿದೆ. ಎರಡರಲ್ಲಿ ಮಸಿ ಹರಡಿತು, ಒಂದರಲ್ಲಿ ನಿಂತಿತು. ಅದನ್ನೇ ತಗೊಂಡೆ. ಈಗ ‘ಲಕ್ಷ್ಮಿ’ ಅಂತ 12ರ ಫಾಂಟ್ ಸೈಜಿನಲ್ಲೂ ಓದಬಹುದು.